ಗಣಪತಿ ನೋಡಿ ಬಾ

ಸಾಂಗ್ಲಿ ಹತ್ತಿರದ ಮಾಧವನಗರದ ನಮ್ಮ ಚಾಳಿನಲ್ಲಿ ಸೀತವ್ವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಕೆ ಕೆಮ್ಮಿದರೆ ನನಗೆ ಕೇಳುತ್ತದೆ, ನನ್ನ ಹೊಲಿಗೆ ಮಶೀನು ನಿಂತರೆ ಆಕೆಗೆ ಗೊತ್ತಾಗುತ್ತದೆ. ಆದ್ದರಿಂದ ಆ ಮಂಗಳವಾರದ ಕಥೆಯನ್ನು ನಾನು ಆಕೆಯ ಬಾಯಿಂದ ಕಡಿಮೆಯೆಂದರೂ ಮೂರು ಸಲ ಕೇಳಿದ್ದೇನೆ. ಮೂರು ಸಲವೂ ಕಥೆ ಅದೇ ಇತ್ತು. ಆಕೆಯ ಮೊಣಕಾಲು ನೋವು ಮಾತ್ರ ಸಲಕ್ಕಿಷ್ಟು ಹೆಚ್ಚಾಗುತ್ತ ಹೋಯಿತು.

ಸೀತವ್ವ ಅಥಣಿ ಕಡೆಯವಳು. ಗಂಡ ಶಿದ್ರಾಮನ ಹಿಂದೆ ಗಿರಣಿ ಕೂಲಿಗೆಂದು ಇಲ್ಲಿಗೆ ಬಂದಳು. ಗಿರಣಿ ಮುಚ್ಚಿತು, ಶಿದ್ರಾಮ ತೀರಿಕೊಂಡ, ಆಕೆ ಮಿರಜದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಾವಶಿಯಾದಳು. ಇಲ್ಲಿ ವಾರ್ಡು ಒರೆಸುವ, ರೋಗಿಗಳ ಮೈ ತೊಳೆಸುವ ಹೆಂಗಸರಿಗೆಲ್ಲ ಮಾವಶಿ ಎಂದೇ ಕರೆಯುತ್ತಾರೆ. ಇವಳ ನಿಜವಾದ ಕೆಲಸ ಬೇರೆ. ಗಡಿಯಾಚೆಯಿಂದ, ಗಡಿ ಹಳ್ಳಿಗಳಿಂದ ಬರುವ ಕನ್ನಡದವರ ದುಃಖವನ್ನು ಡಾಕ್ಟರರಿಗೆ ಮರಾಠಿಯಲ್ಲಿ ಮುಟ್ಟಿಸುವುದು, ಡಾಕ್ಟರರ ಸಿಟ್ಟನ್ನು ಇವರಿಗೆ ಕನ್ನಡದಲ್ಲಿ ಸ್ವಲ್ಪ ತಣ್ಣಗೆ ಮಾಡಿ ಕೊಡುವುದು.

ಇನ್ನೊಂದು ಕೆಲಸವೂ ಇತ್ತು, ಅದನ್ನು ಯಾರೂ ಆಕೆಗೆ ಒಪ್ಪಿಸಿರಲಿಲ್ಲ. ದೊಡ್ಡ ಆಪರೇಷನ್ ಇದ್ದ ದಿನ ರೋಗಿಯ ಕಡೆಯವರು ಬಾಗಿಲಲ್ಲಿ ಕೂತು ಎದೆ ಬಡಿದುಕೊಳ್ಳುತ್ತಾರಲ್ಲ, ಅಂಥವರನ್ನು ತನ್ನ ರಜೆಯ ದಿನ ಊರು ತೋರಿಸಲು ಕರೆದೊಯ್ಯುತ್ತಿದ್ದಳು. ವಾರ್ಡಿನಲ್ಲಿ ಇದಕ್ಕೆ ‘ಸೀತವ್ವನ ದರ್ಶನ’ ಎಂದು ಹೆಸರು. ದರ್ಶನಕ್ಕೆ ಎರಡು ನೇಮಗಳಿದ್ದವು. ಒಂದು, ಒಳಗೆ ಏನು ನಡೆದಿದೆ ಎಂದು ಇದ್ದದ್ದು ಇದ್ದಂತೆ ಹೇಳಿಯೇ ಹೊರಡಿಸುವುದು. ಎರಡು, ಸಾಂಗ್ಲಿಯ ಗಣಪತಿ ಗುಡಿಗೆ ಯಾರನ್ನೂ ಕರೆದೊಯ್ಯದಿರುವುದು. ಆ ಮಂಗಳವಾರ ಎರಡೂ ಮುರಿದವು.

ಲಿಂಗನೂರಿನ ಧೋಂಡಪ್ಪ ಮತ್ತು ಇಂದ್ರವ್ವ ಕುರಿ ಸಾಕಿ, ಎರಡು ಎಕರೆ ಮಾಡಿಕೊಂಡು ಬದುಕುವವರು. ಅವರ ಒಬ್ಬಳೇ ಮಗಳು ರಂಜನಾಗೆ ಇಪ್ಪತ್ತು ವರ್ಷ. ಹೃದಯದ ಕವಾಟ ಕೆಟ್ಟು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಆಪರೇಷನ್ ಮಾಡುವ ಡಾಕ್ಟರು ಪರವೂರಿನಿಂದ ಹದಿನೈದು ದಿನಕ್ಕೊಮ್ಮೆ, ಮಂಗಳವಾರ ಮಾತ್ರ ಬರುವವರು. ಹಿಂದಿನ ಸಲ ಎಲ್ಲ ತಯಾರಾಗಿತ್ತು, ರಾತ್ರಿಯಿಂದ ಹುಡುಗಿಗೆ ಏನೂ ಕೊಡಬಾರದೆಂದು ಹೇಳಿದ್ದರು. ಬೆಳಗ್ಗೆ ಐದಕ್ಕೆ ಇಂದ್ರವ್ವ ಸೆರಗಿನ ಮರೆಯಲ್ಲಿ ಮಗಳಿಗೆ ಎರಡು ತುತ್ತು ಹಾಲು ಅನ್ನ ತಿನ್ನಿಸಿ, ನಾಲಿಗೆಗೆ ಚಿಟಿಕೆ ಭಂಡಾರ, ದೇವರ ಅರಿಷಿಣ, ಇಟ್ಟಳು. ಕುರಿ ಹಿಂದೆ ಹೋಗುವವರ ಮನೆಯಲ್ಲಿ ಹಸಿದ ಬಾಯಿಂದ ಯಾರೂ ಹೊಸ್ತಿಲು ದಾಟುವಂತಿಲ್ಲ, ಅದು ಅವರ ರೀತಿ. ಗಂಡ ದಾಟಿಲ್ಲ, ನಾಯಿ ಕೂಡ ದಾಟಿಲ್ಲ. ಎದೆ ಕೊಯ್ಯಿಸಿಕೊಳ್ಳಲು ಹೋಗುವ ಮಗಳನ್ನು ಉಪವಾಸ ಕಳಿಸುತ್ತಾಳೆಯೇ? ಹುಡುಗಿ ಸುಳ್ಳು ಹೇಳಲಾರದೆ ಸಿಸ್ಟರಿಗೆ ಹೇಳಿಬಿಟ್ಟಳು. ಆಪರೇಷನ್ ರದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ; ಇಲ್ಲಿ ಬಾಯಿಗೆ ಬಂದದ್ದೇ ತಪ್ಪಾಯಿತು.

ಆ ಹದಿನೈದು ದಿನದಲ್ಲಿ ರಂಜನಾಳ ತುಟಿ ನೀಲಿಯಾಯಿತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಇನ್ನೊಂದು ಸಲ ಮುಂದೆ ಹೋದರೆ ಹುಡುಗಿ ತಡೆಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದರು. ಆ ಮಾತನ್ನು ಕನ್ನಡಕ್ಕೆ ತಂದವಳು ಸೀತವ್ವನೇ. ಸೋಮವಾರ ಸಂಜೆ ಧೋಂಡಪ್ಪ ಆಕೆಯನ್ನು ಜಿನೆಯ ಮೆಟ್ಟಿಲುಗಳ ಕೆಳಗೆ ಕರೆದ.

“ಅಕ್ಕಾರ, ನಾಳೆ ಬೆಳಗ್ಗೆ ನಮ್ಮಾಕೀನ ಎಲ್ಲಿಗರೆ ಕರಕೊಂಡ ಹೋಗ್ರಿ. ಈ ಸಲ ಡಾಕ್ಟರ ಬುಧವಾರ ಬರ್ತಾರ, ಆಪರೇಷನ್ ಅವತ್ತ ಐತಿ ಅಂತ ಹೇಳೇನಿ.”

“ಸುಳ್ಳ ಹೇಳಿ ನಾ ಯಾರನ್ನೂ ಒಯ್ಯಂಗಿಲ್ರಿ.”

“ಆಕಿ ಇಲ್ಲಿದ್ದರ ಮತ್ತ ತಿನಸ್ತಾಳರಿ. ಅನ್ನ ತಿನಸಂಗಿಲ್ಲ ಅಂತ ಆಣಿ ಹಾಕ್ಯಾಳ. ಆದರ ಪ್ರಸಾದ ಊಟ ಹೆಂಗ ಆಕ್ಕತಿ ಅಂತಾಳ. ನಾ ಏನ ಮಾಡ್ಲಿ ಹೇಳ್ರಿ.”

ಸೀತವ್ವ ಮೇಲೆ ಬಂದು ವಾರ್ಡಿನ ಬಾಗಿಲಿಂದ ಒಳಗೆ ನೋಡಿದಳು. ರಂಜನಾ ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆತು ಎಂದು ಒಪ್ಪಿಕೊಂಡಳು. ಆ ರಾತ್ರಿ ಗೋಡೆಯಾಚೆ ಆಕೆ ಹೊರಳಾಡಿದ್ದು ನನಗೆ ಕೇಳಿದೆ. ಮೊಣಕಾಲು ಎಂದುಕೊಂಡು ಸುಮ್ಮನಾಗಿದ್ದೆ.

ಬೆಳಗ್ಗೆ ಆರೂವರೆಗೆ ಸೀತವ್ವ, ಇಂದ್ರವ್ವ ಇಬ್ಬರೂ ಆಸ್ಪತ್ರೆಯಿಂದ ಹೊರಟರು. ಹತ್ತಕ್ಕೆ ರಂಜನಾಳನ್ನು ಒಳಗೆ ಒಯ್ಯುತ್ತಾರೆ, ಒಯ್ದ ಕೂಡಲೇ ಸಿಸ್ಟರ್ ಮೃಣಾಲ ಫೋನ್ ಮಾಡುತ್ತಾಳೆ, ಆಮೇಲೆ ನಿಜ ಹೇಳಿ ಕರೆತರುವುದು ಎಂದು ಮಾತಾಗಿತ್ತು. ಮೂರೂವರೆ ತಾಸು ಕಳೆದರೆ ಸಾಕು.

“ಮಿರಜಿಗೆ ನೂರ ಸಲ ಬಂದೇನಿ,” ಎಂದಳು ಇಂದ್ರವ್ವ, “ಬಸ್‌ಸ್ಟ್ಯಾಂಡ ಬಿಟ್ಟ ಏನೂ ನೋಡಿಲ್ಲ.” ಹಾಗೆಂದವಳೇ ಮುಂದೆ ಮುಂದೆ ನಡೆದಳು. ಕುರಿಗಳ ಹಿಂದೆ ದಿನಕ್ಕೆ ಹತ್ತು ಮೈಲಿ ನಡೆಯುವ ಕಾಲು ಅದು. ಊರು ತೋರಿಸಬೇಕಾದ ಸೀತವ್ವ ಹಿಂದಿನಿಂದ “ನಿಂದರ ಯಕ್ಕಾ, ಎಡಕ್ಕ, ಎಡಕ್ಕ” ಎಂದು ಕೂಗುತ್ತ ಕುಂಟಿದಳು. ದರ್ಗಾ ತೋರಿಸಲು ಒಂದು ತಾಸು ಬೇಕೆಂದು ಆಕೆಯ ಲೆಕ್ಕ. ಇಂದ್ರವ್ವ ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ನವಿಲುಗರಿಯಿಂದ ತಲೆ ಮುಟ್ಟಿಸಿಕೊಂಡು, ಕೊಟ್ಟ ಸಕ್ಕರೆಯಲ್ಲಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಒಂದು ಬಿಳಿ ಅರಿವೆಯ ತುದಿಗೆ ಗಂಟು ಹಾಕಿದಳು.

“ಇದ್ಯಾಕ?” ಸೀತವ್ವ ಕೇಳಿದಳು.

“ನಾಳೆ ಒಳಗ ಹೋಗೂ ಮದಲ ಆಕಿ ನಾಲಿಗೀಗೆ. ಸಕ್ರಿ ಕಾಳಿಗೆ ಯಾವ ಡಾಕ್ಟರ ಏನ ಅಂದಾನ?”

ಸಿತಾರ ಮಾಡುವವರ ಓಣಿಯಲ್ಲಿ ಇಂದ್ರವ್ವ ಸ್ವಲ್ಪ ನಿಂತಳು. ಅಂಗಡಿ ಅಂಗಡಿಯ ಮುಂದೆ ಒಣಗಿದ ದೊಡ್ಡ ದೊಡ್ಡ ಸೋರೆ ಬುರುಡೆಗಳನ್ನು ಪೇರಿಸಿಟ್ಟಿದ್ದರು. ಒಬ್ಬ ಮುದುಕ ಒಂದು ಬುರುಡೆಯನ್ನು ತೊಡೆಯ ಮೇಲಿಟ್ಟು ಗರಗಸದಿಂದ ನಿಧಾನ ಕೊಯ್ಯುತ್ತಿದ್ದ. ಇಂದ್ರವ್ವ ನೋಡಿದಳು, ನೋಡಿ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು.

“ನನ ಮಗಳನ್ನೂ ಹಿಂಗ ಕೊಯ್ತಾರೇನ?”

“ಆಕೀಗೆ ಗೊತ್ತಾಗಂಗಿಲ್ಲ ಯಕ್ಕಾ. ನಿದ್ದಿ ಬರಸ್ತಾರ.”

“ನನಗ ಗೊತ್ತಾಕ್ಕತಲ್ಲ.”

ಅಂಬಾಬಾಯಿ ಗುಡಿಯಲ್ಲಿ ಕೊಬ್ಬರಿ ಚೂರು ಸಿಕ್ಕಿತು, ಎರಡನೆಯ ಗಂಟು. ಮಾರ್ಕೆಟ್ಟಿನ ಗಡಿಯಾರ ಹತ್ತು ತೋರಿಸಿತು, ಹತ್ತೂ ಕಾಲು ತೋರಿಸಿತು, ಫೋನ್ ಬರಲಿಲ್ಲ. ಸೀತವ್ವ ಮೂತ್ರಕ್ಕೆಂದು ಹೇಳಿ ಓಣಿಯ ಹಿಂದೆ ಹೋಗಿ ತಾನೇ ಫೋನ್ ಹಚ್ಚಿದಳು. ಮೊದಲು ಒಳಗೆ ಹೋದ ರೋಗಿಯದು ತಡವಾಗುತ್ತಿದೆ, ರಂಜನಾಳದು ಮಧ್ಯಾಹ್ನ ಆದೀತು ಎಂದಳು ಮೃಣಾಲ. ಮಿರಜದಲ್ಲಿ ತೋರಿಸುವುದು ಮುಗಿದಿತ್ತು. ಹಿಂತಿರುಗಿ ಬಂದರೆ ಇಂದ್ರವ್ವ ಆಗಲೇ ಆಸ್ಪತ್ರೆಯ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು.

“ನಡಿ ಹೋಗೂಣು. ಕೂಸ ಎದ್ದಿರ್ತಾಳ.”

“ಸಾಂಗ್ಲಿ ನೋಡೂದಿಲ್ಲೇನ? ಇಷ್ಟ ದೂರ ಬಂದ?”

ಬೇಡವೆನ್ನುತ್ತಾಳೆ ಎಂದುಕೊಂಡಿದ್ದಳು ಸೀತವ್ವ. ಇಂದ್ರವ್ವನ ಮುಖ ಅರಳಿತು. “ಹಂಗಾರ ಗಣಪತಿ ತೋರಸ. ಭಾಳ ಜಾಗೃತ ದೇವ್ರು ಅಂತಾರ.” ಬೇರೆ ದಾರಿ ಹೊಳೆಯದೆ ಸೀತವ್ವ ಶೇರ್ ಆಟೋಗೆ ಕೈ ಮಾಡಿದಳು.

ದಾರಿಯಲ್ಲಿ ಅರಿಷಿಣ ಪೇಟೆಯ ಹತ್ತಿರ ಇಳಿಯಲೇಬೇಕೆಂದು ಇಂದ್ರವ್ವ ಹಟ ಮಾಡಿದಳು. ಒಂದು ಗೋದಾಮಿನ ಮುಂದೆ ಭಂಡಾರಕ್ಕೆಂದು ಹೊಸ ಅರಿಷಿಣದ ಪುಡಿಯನ್ನು ಬೇಡಿ ಕಾಗದದಲ್ಲಿ ಕಟ್ಟಿಸಿಕೊಂಡಳು. ಅದು ಮೂರನೆಯ ಗಂಟು. ಸಮಯ ಹೋಗುತ್ತಿದೆಯಲ್ಲ ಎಂದು ಸೀತವ್ವನಿಗೆ ಒಂದು ಕಡೆ ಸಮಾಧಾನ. ಇನ್ನೊಂದು ಕಡೆ ಆ ಗಂಟು ದಪ್ಪವಾದಂತೆಲ್ಲ ಆಕೆಗೆ ಹೆದರಿಕೆ. ಅಲ್ಲಿ ಹುಡುಗಿ ಉಳಿಯಬೇಕಾದರೆ ಈ ಗಂಟು ಇಂದು ಮಧ್ಯಾಹ್ನದವರೆಗೆ ವಾರ್ಡಿನ ಬಾಗಿಲು ದಾಟಬಾರದು. ಅದೂ ಅಲ್ಲದೆ, ಒಳಗೆ ಹೋದ ಹುಡುಗಿ ಹೊರಗೆ ಬಾರದಿದ್ದರೆ? ಆ ಯೋಚನೆಯನ್ನು ಆಕೆ ಬೆಳಗಿನಿಂದ ತಳ್ಳುತ್ತಲೇ ಇದ್ದಳು.

ಗುಡಿ ಮುಟ್ಟಿದಾಗ ಹನ್ನೆರಡೂವರೆ. ಇಂದ್ರವ್ವ ಚಪ್ಪಲಿ ಬಿಟ್ಟು, “ಬಾ” ಎಂದಳು.

“ನಾ ಇಲ್ಲೇ ಚಪ್ಪಲಿ ಕಾಯ್ತೇನಿ. ನೀ ಹೋಗ.”

“ಈ ಹರಕ ಚಪ್ಪಲಿ ಯಾರ ಒಯ್ತಾರ?” ಎಂದು ನಗುತ್ತ ಆಕೆ ಒಳಗೆ ಹೋದಳು.

ಅಷ್ಟರಲ್ಲಿ ಫೋನ್ ಬಂತು. ಮೃಣಾಲಳ ದನಿಯಲ್ಲಿ ಅವಸರವಿತ್ತು. ಒಳಗೆ ಒಯ್ಯುವ ಹೊತ್ತು ಬಂದಿದೆ, ಆದರೆ ಹುಡುಗಿ ಸ್ಟ್ರೆಚರ್ ಹತ್ತಲು ಒಲ್ಲೆ ಎನ್ನುತ್ತಾಳೆ. ಅವ್ವನ ಮುಖ ನೋಡದೆ ಹೋಗುವುದಿಲ್ಲ ಎಂದು ಮಂಚದ ಸರಳು ಹಿಡಿದು ಕೂತಿದ್ದಾಳೆ. ಅತ್ತರೆ ಉಸಿರು ಕಟ್ಟುತ್ತಿದೆ. ಎರಡು ಹೊಡೆಯುವುದರೊಳಗೆ ಶುರುವಾಗದಿದ್ದರೆ ಇವತ್ತು ಮಾಡಲಾಗದು ಎಂದು ಡಾಕ್ಟರು ಹೇಳಿದ್ದಾರೆ. ಆಮೇಲೆ ಧೋಂಡಪ್ಪ ಫೋನ್ ತೆಗೆದುಕೊಂಡ.

“ಅಕ್ಕಾರ, ನೀವು ಬರಬ್ಯಾಡ್ರಿ. ಅವ್ವ ಊರಿಗೆ ಹೋಗ್ಯಾಳ, ಕುರಿ ಈದೈತಿ ಅಂತ ಹೇಳಿ ಸಮಜಾಸ್ತೇನಿ. ಆಕೀನ ಮಾತ್ರ ತರಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ.”

ಇಲ್ಲಿ ನಾನು ಒಂದು ಮಾತು ಹೇಳಬೇಕು. ಹತ್ತೊಂಬತ್ತು ವರ್ಷದ ಹಿಂದೆ ಶಿದ್ರಾಮ ಆಸ್ಪತ್ರೆಯಲ್ಲಿದ್ದಾಗ, ಒಂದು ಮಧ್ಯಾಹ್ನ ಅವನ ಅಣ್ಣತಮ್ಮಂದಿರು ಸೀತವ್ವನಿಗೆ, “ಅವ ಆರಾಮ ಅದಾನ, ನೀ ಸಾಂಗ್ಲಿಗೆ ಹೋಗಿ ಗಣಪತಿ ನೋಡಿ ಬಾ, ಕಾಯಿ ಒಡಿಸಿಕೊಂಡ ಬಾ” ಎಂದು ಕಳಿಸಿದರು. ಡಾಕ್ಟರು ಕೈಚೆಲ್ಲಿದ್ದು ಅವರಿಗೆ ಆಗಲೇ ಗೊತ್ತಿತ್ತು. ಹೆಂಗಸು ರಂಪ ಮಾಡುತ್ತಾಳೆ ಎಂದು ದೂರ ಕಳಿಸಿದ್ದರು. ಆಕೆ ಕಾಯಿ ಒಡೆಸಿ, ಸಾಲಿನಲ್ಲಿ ನಿಂತು, ಪ್ರಸಾದ ಹಿಡಿದು ಬಂದಾಗ ಮಂಚದ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಕೊನೆಗೆ ಶಿದ್ರಾಮ “ಸೀತಾ ಎಲ್ಲಿ?” ಎಂದು ಎರಡು ಸಲ ಕೇಳಿದನಂತೆ. ಅವರು “ಬರ್ತಾಳ, ಬರ್ತಾಳ” ಎಂದರಂತೆ. ಅಂದಿನಿಂದ ಆಕೆ ಆ ಗುಡಿಯ ಮೆಟ್ಟಿಲು ಹತ್ತಿಲ್ಲ. ದೇವರ ಮೇಲಿನ ಸಿಟ್ಟೋ ತನ್ನ ಮೇಲಿನದೋ, ಆಕೆಗೇ ಗೊತ್ತಿಲ್ಲ.

ಈಗ ಆಕೆ ಅದೇ ಗುಡಿಯ ಮುಂದೆ, ಇನ್ನೊಬ್ಬಳ ಚಪ್ಪಲಿ ಕಾಯುತ್ತ ನಿಂತಿದ್ದಳು. ಕರೆದುಕೊಂಡು ಹೋದರೆ ಒಂದು ಕಾಳು ಸಕ್ಕರೆ ಸಾಕು, ಹುಡುಗಿ ಹೋದಳು. ಕರೆದುಕೊಂಡು ಹೋಗದಿದ್ದರೆ ಹುಡುಗಿ ಸ್ಟ್ರೆಚರ್ ಹತ್ತದೆಯೇ ಹೋಗಬಹುದು, ಹತ್ತಿದರೂ ಒಳಗೇ ತೀರಿಹೋಗಬಹುದು. ಆಗ ಈ ತಾಯಿ ಜೀವ ಇರುವ ತನಕ ಗಂಟು ಹಿಡಿದು ನಿಂತಿರುತ್ತಾಳೆ.

“ಧೋಂಡಪ್ಪಾರ, ಸುಳ್ಳ ಸಾಕ್ರಿ,” ಎಂದಳು. “ಎರಡ ಹೊಡಿಯೂದರಾಗ ಕರಕೊಂಡ ಬರ್ತೇನಿ. ಬರ್ತಾಳ ಅಂತ ಹುಡುಗಿಗೆ ಹೇಳ್ರಿ. ಖರೇ ಬರ್ತಾಳ ಅಂತ ಹೇಳ್ರಿ.”

ಗುಡಿಯಿಂದ ಬಂದ ಇಂದ್ರವ್ವನ ರಟ್ಟೆ ಹಿಡಿದು ಎಳೆದುಕೊಂಡೇ ಓಡಿದಳು. ಆಗ ಮೊಣಕಾಲು ನೆನಪಾಗಲಿಲ್ಲವಂತೆ. ಆಟೋ ಹುಡುಗ ಅಭಿಜಿತ ಇನ್ನೂ ಇಬ್ಬರು ಬರಲಿ ಎಂದು ಸೀಟು ಲೆಕ್ಕ ಹಾಕುತ್ತಿದ್ದ. “ಚಲ ಬಾಬಾ, ಪೇಶಂಟ್ ಆಹೇ!” ಎಂದು ಸೀತವ್ವ ಕಿರುಚಿದ ರಭಸಕ್ಕೆ ಅವನು ಒಂದೇ ಏಟಿಗೆ ಗಾಡಿ ಎಬ್ಬಿಸಿದ. ಆಗ ಒಂದೂ ಐದು.

“ಯಾರಿಗೇನಾತು?” ಇಂದ್ರವ್ವ ಕೇಳಿದಳು.

“ಯಾರಿಗೂ ಏನೂ ಆಗಿಲ್ಲ. ಯಕ್ಕಾ, ಕೇಳಿಲ್ಲಿ. ಆಪರೇಷನ್ ನಾಳೆ ಅಲ್ಲ. ಇವತ್ತ. ಈಗ.” ಉಳಿದದ್ದನ್ನೂ ಹೇಳಿದಳು. ಏನನ್ನೂ ತಣ್ಣಗೆ ಮಾಡಲಿಲ್ಲ, ತನ್ನ ಪಾಲಿನದನ್ನೂ ಬಿಡಲಿಲ್ಲ.

ಇಂದ್ರವ್ವ ಮೊದಲು ಆಕೆಯ ಮುಖವನ್ನೇ ನೋಡಿದಳು. ಆಮೇಲೆ ಸಿಡಿದಳು. “ಹಡದಾಕಿ ನಾನ. ನನ್ನ ಗುಡಿ ಗುಡಿ ತಿರಗಿಸಿ ನನ ಮಗಳನ್ನ ಕದ್ದ ಕೊಯ್ಯಾಕ ಹತ್ತಿದ್ರೇನ? ಕುರೀನ ಕೊಯ್ಯೂ ಮುಂದ ಸೈತ ಒಡೆಯನ್ನ ಕೇಳ್ತಾರ! ಆಕಿ ಸತ್ತಿದ್ದರ ನೀ ನನಗ ಯಾವ ಗುಡಿ ತೋರಸಾಕಿ ಇದ್ದಿ? ಹೇಳ!”

ಸೀತವ್ವ ಮುಂದಕ್ಕೆ ಬಾಗಿ ಅಭಿಜಿತನಿಗೆ ಇನ್ನೂ ಜೋರಾಗಿ ಬಿಡಲು ಹೇಳಿದಳು.

ವಿಶ್ರಾಮಬಾಗದ ಚೌಕದಲ್ಲಿ ಗಾಡಿಗಳು ಕಟ್ಟಿಕೊಂಡು ನಿಂತಿದ್ದವು. ಒಂದೂವರೆ ಆಯಿತು. ಅಭಿಜಿತ ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಇಂದ್ರವ್ವ ಬೈಯುವುದನ್ನು ನಿಲ್ಲಿಸಿದ್ದಳು. ಗಂಟನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದಳು. ಗಂಟು ಕೊಡು ಎನ್ನಲು ಸೀತವ್ವನಿಗೆ ಬಾಯಿ ಬರಲಿಲ್ಲ. ಬೆಳಗಿನಿಂದ ಸುಳ್ಳು ಹೇಳಿದವಳು ಯಾವ ಮುಖದಿಂದ ಕೇಳಬೇಕು? ಕಸಿದುಕೊಳ್ಳೋಣವೆಂದರೆ ಇಂದ್ರವ್ವನದು ಟಗರಿನ ಕೊಂಬು ಹಿಡಿದು ನಿಲ್ಲಿಸುವ ಕೈ.

ಎರಡಕ್ಕೆ ಹದಿನಾಲ್ಕು ನಿಮಿಷ ಇರುವಾಗ ಆಸ್ಪತ್ರೆ ಬಂತು. ಜಿನೆ ಹತ್ತಿ, ಉದ್ದ ಕಾರಿಡಾರ್ ದಾಟಿ, ವಾರ್ಡಿನ ಬಾಗಿಲಿಗೆ ಬಂದರು. ಧೋಂಡಪ್ಪ ಅಡ್ಡ ಬಂದ. ಹೆಂಡತಿಯ ಕೈಯಲ್ಲಿದ್ದ ಗಂಟು ನೋಡಿ ಅವನ ಮುಖ ಬಿಳಿಚಿತು. ಇಂದ್ರವ್ವ ಅವನನ್ನು ಸರಿಸಿ ಹೊಸ್ತಿಲ ಮೇಲೆ ಕಾಲಿಟ್ಟಳು, ಮತ್ತೆ ಕಾಲು ಹಿಂದಕ್ಕೆ ತೆಗೆದಳು. ಒಳಗಿನಿಂದ ರಂಜನಾಳ ಏದುಸಿರು ಕೇಳುತ್ತಿತ್ತು.

ಆಕೆ ಸೀತವ್ವನ ಕಡೆ ತಿರುಗಿ ಗಂಟನ್ನು ಚಾಚಿದಳು. “ಹಿಡಿ ಇದನ್ನ.” ಆಮೇಲೆ ಎರಡೂ ಮುಂಗೈ ಚಾಚಿದಳು. “ಇವನ್ನೂ ಹಿಡಿ. ನನಗ ಬುದ್ಧಿ ಐತಿ, ಈ ಕೈಗೆ ಇಲ್ಲ. ಏನ ಆದ್ರೂ ಬಿಡಬ್ಯಾಡ.”

ಸೀತವ್ವ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಮುಂಗೈ ಹಿಡಿದಳು. ಪೊಲೀಸರು ಹಿಡಿದುಕೊಂಡು ಬಂದಂತೆ ಆ ತಾಯಿ ಮಗಳ ಮಂಚದ ಹತ್ತಿರ ಬಂದಳು.

ಅವ್ವನನ್ನು ನೋಡಿದ ಕೂಡಲೇ ರಂಜನಾ ಸರಳು ಬಿಟ್ಟಳು. ತುಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ಮೊದಲ ಮಾತೇ, “ಅವ್ವಾ, ಒಂದೀಟ ನೀರ.”

ಹಿಡಿತದೊಳಗೆ ಇಂದ್ರವ್ವನ ಕೈ ಜಗ್ಗಿತು. ಪಕ್ಕದ ಮೇಜಿನ ಮೇಲೆ ಯಾರದೋ ನೀರಿನ ಬಾಟಲಿ ಇತ್ತು.

“ಹೊರಗ ಬಾ, ಕೊಡ್ತೇನಿ,” ಎಂದಳು ಇಂದ್ರವ್ವ. ದನಿ ಗಟ್ಟಿಯಾಗಿಯೇ ಇತ್ತು. “ಬಂದ ಮ್ಯಾಲ ಬಾಯ್ತುಂಬ ಕೊಡ್ತೇನಿ.”

“ಅವ್ವಾ, ಭಂಡಾರ?”

ಇಂದ್ರವ್ವ ಮೃಣಾಲಳ ಕಡೆ ನೋಡಿದಳು. ಮೃಣಾಲ ಗಡಿಯಾರ ನೋಡಿ, ಹಣೆಗೆ ಮಾತ್ರ, ಬೇಗ ಎಂದಳು. ಆಕೆಯೇ ಸೀತವ್ವನ ಸೊಂಟದಿಂದ ಗಂಟು ತೆಗೆದುಕೊಟ್ಟಳು, ಧೋಂಡಪ್ಪ ಅರಿಷಿಣದ ಕಾಗದ ಬಿಚ್ಚಿ ಹಿಡಿದ. ಸೀತವ್ವ ಬಲಗೈಯನ್ನು ಬಿಡಲಿಲ್ಲ, ಸ್ವಲ್ಪ ಸಡಿಲ ಕೊಟ್ಟಳು. ಇಂದ್ರವ್ವ ಚಿಟಿಕೆ ತೆಗೆದು ಮಗಳ ಹಣೆಗೆ ಹಚ್ಚಿದಳು. ಹುಟ್ಟಿದಾಗಿನಿಂದ ಆ ಹಣೆಗೆ ಹಚ್ಚಿದ ಕೈ ಮುಂದೆ ಹೋಗುವುದು ಒಂದೇ ಕಡೆಗೆ. ಬೆರಳು ಹಣೆಯಿಂದ ತುಟಿಗೆ ಇಳಿಯಿತು. ರಂಜನಾಳ ಬಾಯಿಯೂ ರೂಢಿಯಂತೆ ತೆರೆಯಿತು.

ಸೀತವ್ವ ಬಿಗಿದಳು. ಇಂದ್ರವ್ವನ ಕೈ ಮುಂದಕ್ಕೆ, ಸೀತವ್ವನ ಕೈ ಹಿಂದಕ್ಕೆ. ಎರಡು ಹಸಿರು ಬಳೆ ಪಟಪಟ ಒಡೆದು ಸೀತವ್ವನ ಅಂಗೈಗೆ ನೆಟ್ಟವು. ಆಕೆ ಬಿಡಲಿಲ್ಲ. ಬೆರಳು ತುಟಿಯಿಂದ ನೂಲಿನಷ್ಟು ದೂರದಲ್ಲಿ ನಿಂತಿತು.

“ಬಾಯಿ ಮುಚ್ಚ ನನ ಬಂಗಾರ,” ಎಂದಳು ಇಂದ್ರವ್ವ. “ಮುಚ್ಚ. ಹಸಗೊಂಡ ಹೋಗ. ಹಸಗೊಂಡ ಹೋದಾಕಿ ಉಣ್ಣಾಕ ಹೊಳ್ಳಿ ಬರಬೇಕು.”

ಸ್ಟ್ರೆಚರ್ ಬಾಗಿಲು ದಾಟಿದಾಗ ಎರಡಕ್ಕೆ ನಾಲ್ಕು ನಿಮಿಷ ಇತ್ತು.

ಆಮೇಲಿನ ಐದು ತಾಸು ಇಬ್ಬರೂ ಕಾರಿಡಾರಿನ ನೆಲದ ಮೇಲೆ ಗೋಡೆಗೆ ಒರಗಿ ಕೂತರು. ಇನ್ನು ದರ್ಶನ ಇರಲಿಲ್ಲ. ಸೀತವ್ವ ಅಂಗೈಯಿಂದ ಗಾಜಿನ ಚೂರು ಕಿತ್ತು ಹತ್ತಿ ಒತ್ತಿಕೊಂಡಳು. ಏಳಕ್ಕೆ ಡಾಕ್ಟರು ಹೊರಗೆ ಬಂದು ಮರಾಠಿಯಲ್ಲಿ ನಾಲ್ಕು ಮಾತು ಹೇಳಿದರು. ಸೀತವ್ವ ಕನ್ನಡದಲ್ಲಿ ಒಂದೇ ಮಾತು ಹೇಳಿದಳು: “ಬದಿಕ್ಯಾಳ.”

ಇಂದ್ರವ್ವ ಧೋಂಡಪ್ಪನ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಸೀತವ್ವನಿಗೆ, “ನಿನ ಮ್ಯಾಲಿನ ಸಿಟ್ಟ ಹೋಗಿಲ್ಲ ನಂದು, ತಿಳಕೋ” ಎಂದಳು.

ಹನ್ನೆರಡನೆಯ ದಿನ ರಂಜನಾಳನ್ನು ಮನೆಗೆ ಬಿಟ್ಟರು. ಗಾಡಿ ಬರುವುದು ಸಂಜೆಗೆ. ಬೆಳಗ್ಗೆ ಇಂದ್ರವ್ವ ಡ್ಯೂಟಿ ಮುಗಿಸಿ ಹೊರಟ ಸೀತವ್ವನನ್ನು ಬಾಗಿಲಲ್ಲಿ ತಡೆದು, ಸಾಂಗ್ಲಿಗೆ ಹೋಗಬೇಕು, ಹರಕೆ ಇದೆ ಎಂದಳು. ಆಟೋದಲ್ಲಿ, ಅಂದು ಗುಡಿಯೊಳಗೆ ಯಾಕೆ ಬರಲಿಲ್ಲವೆಂದು ಕೆದಕಿ ಕೆದಕಿ ಕೇಳಿದಳು. ಸೀತವ್ವ ಶಿದ್ರಾಮನ ವಿಷಯ ಹೇಳಿದಳು.

ಗುಡಿಯ ಮುಂದೆ ಸೀತವ್ವ ಅಂದಿನಂತೆಯೇ, “ನಾ ಚಪ್ಪಲಿ ಕಾಯ್ತೇನಿ” ಎಂದು ನಿಂತಳು.

ಇಂದ್ರವ್ವ ತನ್ನ ಚಪ್ಪಲಿ ಬಿಟ್ಟಳು. ಬಾಗಿ ಸೀತವ್ವನ ಚಪ್ಪಲಿಯನ್ನೂ ಬಿಡಿಸಿದಳು. ಆಮೇಲೆ ಆಕೆಯ ಮುಂಗೈ ಹಿಡಿದಳು. ಟಗರು ನಿಲ್ಲಿಸುವ ಹಿಡಿತ ಅದು. ಸೀತವ್ವ ಕೊಸರಿದಳು, ಕಣ್ಣಲ್ಲಿ ನೀರು ತಂದುಕೊಂಡು ಬೇಡವೆಂದಳು, ಬಿಡು ಎಂದಳು.

“ಅವತ್ತ ನೀ ಬಿಟ್ಟಿದ್ದೇನ?” ಎಂದು ಕೇಳಿ ಇಂದ್ರವ್ವ ಮೊದಲ ಮೆಟ್ಟಿಲು ಹತ್ತಿಸಿದಳು.